ವಿಟಮಿನ್ ಇ ಹಾಕಿದರೆ ಅಗಸೆ ಜೆಲ್ ಕೆಡುವುದಿಲ್ಲ ಅನ್ನುವುದು ತಪ್ಪು

ಅಗಸೆ ಬೀಜ ಕುದಿಸಿ ಮಾಡಿದ ಜೆಲ್‌ಗೆ ಒಂದು ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದರೆ, ಬಚ್ಚಲುಮನೆಯಲ್ಲೇ ಇಟ್ಟುಕೊಂಡು 3 ತಿಂಗಳು ಕೂದಲಿಗೆ ಹಚ್ಚಬಹುದು ಅನ್ನುವ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ದಯವಿಟ್ಟು ನಂಬಬೇಡಿ.

ವಿಟಮಿನ್ ಇ ಎಣ್ಣೆ ಬೇಗ ಕಮಟಾಗದಂತೆ ನೋಡಿಕೊಳ್ಳುತ್ತದೆ, ಅಷ್ಟೇ. ಬ್ಯಾಕ್ಟೀರಿಯಾ, ಬೂಸ್ಟು ಬೆಳೆಯುವುದನ್ನು ಅದು ತಡೆಯುವುದಿಲ್ಲ. ಜೆಲ್‌ನಲ್ಲಿ ಬಹುಪಾಲು ಇರುವುದು ನೀರೇ ಅಲ್ವಾ? ಜೊತೆಗೆ ಬೀಜದ ಲೋಳೆ ಬೇರೆ, ಅದು ಅವಕ್ಕೆ ಒಳ್ಳೆಯ ಊಟ. ಕುದಿಸಿದ್ದೇವಲ್ಲ ಅಂದರೂ ಸಾಲದು. ಬಟ್ಟೆಯಲ್ಲಿ ಸೋಸಿ ಹಿಂಡುವಾಗ, ಡಬ್ಬಿಗೆ ಬೆರಳು ಅದ್ದಿದಾಗ ಮತ್ತೆ ಸೇರಿಕೊಳ್ಳುತ್ತವೆ. ಜೆಲ್ ನೀರುನೀರಾಗಿ ಹುಳಿ ವಾಸನೆ ಬಂದರೆ ಚೆಲ್ಲಿಬಿಡಿ. ಆದರೆ ವಾಸನೆ ಬರುವ ಮೊದಲೇ ಕೆಟ್ಟಿರಬಹುದು, ನನಗೆ ಹೆಚ್ಚು ಚಿಂತೆ ಅದರದ್ದೇ. ನೆತ್ತಿಯಲ್ಲಿ ಗಾಯ ಇದ್ದವರಿಗೆ ಅಪಾಯ ಜಾಸ್ತಿ.

ಸ್ವಲ್ಪವೇ ಮಾಡಿ, ಫ್ರಿಜ್‌ನಲ್ಲಿಟ್ಟು ಒಂದು ವಾರದೊಳಗೆ ಮುಗಿಸಿ. ಜಾಸ್ತಿ ಆದರೆ ಆಗಲೇ ಐಸ್ ಟ್ರೇಗೆ ಸುರಿದು ಫ್ರೀಜರ್‌ನಲ್ಲಿಡಿ, ಬೇಕಾದಾಗ ಒಂದೊಂದೇ ತುಂಡು ತೆಗೆಯಿರಿ. ಮನೆಯ ಲೋಳೆಸರದ ತಿರುಳಿಗೂ ಇದೇ ಮಾತು. ಸೀಗೆಪುಡಿ ಮಾತ್ರ ಒಣಗಿದ್ದರೆ ತಿಂಗಳುಗಟ್ಟಲೆ ಇರುತ್ತದೆ. ಹಚ್ಚುವ ಹೊತ್ತಿಗೆ ನೀರು ಹಾಕಿ ಕಲಸಿದರಾಯಿತು.