ಕೂಲರಿನ ಹಿಂದಿನ ಪಟ್ಟಾಪಟ್ಟಿ ಮಂದಿ

ಮಾರ್ಚ್ ಮುಗಿಯುವಷ್ಟರಲ್ಲಿ ಕಲಬುರಗಿಯ ಕಿಟಕಿ ಕಿಟಕಿಗೂ ತಗಡಿನ ಕೂಲರ್ ಬಂದು ಕೂತಿರುತ್ತದೆ. ಅದರ ಬೆನ್ನಿಗೆ ಜೇನುಹುಳ. ನಾಲ್ಕು ಕೊಡ ನೀರು ಸುರಿದು, ಹುಲ್ಲು ನೆನೆಸಿ, ಮಧ್ಯಾಹ್ನದ ಊಟ ಮುಗಿಸಿ ಇನ್ನೇನು ಕಣ್ಣು ಹತ್ತಬೇಕು, ಕಿವಿಯ ಹತ್ತಿರ ಗುಂಯ್! ಕೂಲರ್ ಗಡಗಡ ಅಂದರೆ ಈ ಊರಿನವರಿಗೆ ಜೋಗುಳ. ಇದು ಮಾತ್ರ ಆಗಿಬರುವುದಿಲ್ಲ.

ಹುಳವನ್ನಾದರೂ ತಾಳಿಕೊಳ್ಳಬಹುದು. ಎದುರು ಮನೆಯ ಕಾಕಾ ಅವರದು ಇನ್ನೊಂದು ಕಥೆ. ಒಂದು ಜೇನು ಕಂಡರೆ ಸಾಕು, ಅವರು ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡರು ಅಂತಲೇ ಅರ್ಥ. ಮೊದಲು ಬಾಯಿಮಾತು: "ಏ ನಡಿ ನಡಿ, ಹೊರಗ ನಡಿ!" ಜೇನಿಗೆ ನಮ್ಮಂಥ ಕಿವಿಯಿಲ್ಲ. ಹತ್ತಿರದ ಗಾಳಿಯ ಅಲುಗಾಟ ಮೀಸೆಗೆ ತಿಳಿಯುತ್ತದೆ, ಕಾಲಿಗೆ ನಡುಕ ತಿಳಿಯುತ್ತದೆ, ಅಷ್ಟೇ. ಕಾಕಾನ ಗದರಿಕೆ ಪಕ್ಕದ ಓಣಿಗೆ ಮುಟ್ಟುತ್ತದೆ, ಮುಟ್ಟಬೇಕಾದವರಿಗೆ ಮುಟ್ಟುವುದಿಲ್ಲ. ಆಮೇಲೆ ಫೂ ಫೂ ಎಂದು ಊದುವುದು. ಇದು ಗದರುವುದಕ್ಕಿಂತ ಕೆಟ್ಟ ಕೆಲಸ. ಗೂಡಿನ ಕಾವಲಿಗೆ ನಿಂತ ಹುಳಗಳಿಗೆ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್ ಅಂದರೆ ಯಾವುದೋ ಪ್ರಾಣಿ ಗೂಡಿಗೆ ಬಾಯಿ ಹಾಕಲು ಬಂತು ಅಂತಲೇ ಲೆಕ್ಕ. ನೀರಿಗೆ ಬಂದ ಹುಳ ಅಷ್ಟು ತಲೆ ಕೆಡಿಸಿಕೊಳ್ಳದು, ಅದು ಕಾಕಾನ ಪುಣ್ಯ. ಮೂರನೆಯದು ಟವೆಲ್. ಬೀಸಿ ಬೀಸಿ ಕ್ಯಾಲೆಂಡರ್ ಬೀಳುತ್ತದೆ, ಚಹಾದ ಕಪ್ಪು ಬೀಳುತ್ತದೆ, ಒಮ್ಮೊಮ್ಮೆ ಕಾಕು ಅವರ ಕನ್ನಡಕವೂ ಬೀಳುತ್ತದೆ, ಹುಳ ಬೀಳುವುದಿಲ್ಲ. ಅಪ್ಪಿತಪ್ಪಿ ಬಿದ್ದರೆ ಚಪ್ಪಲಿಯಿಂದ ಒಂದೇಟು. ಅಲ್ಲಿಗೆ ನಿಜವಾದ ಫಜೀತಿ ಶುರು. ಜಜ್ಜಿದ ಜೇನಿನಿಂದ ಬಾಳೆಹಣ್ಣಿನಂಥ ಒಂದು ವಾಸನೆ ಹೊರಡುತ್ತದೆ. ಗೂಡು ಹತ್ತಿರವಿದ್ದರೆ ಉಳಿದವರಿಗೆ ಅದೇ ದಂಡೆತ್ತಿ ಬರುವ ಕರೆ.

ಇಷ್ಟೆಲ್ಲ ಯಾಕೆ ಅಂದರೆ, "ಅದು ನಂಗ ಬೈಲತ್ತದ ನೋಡಪಾ, ಕೇಳ್ಸಲತ್ತದಿಲ್ಲ?" ಅನ್ನುತ್ತಾರೆ.

ಅದು ಬೈಗುಳವಲ್ಲ, ಬಾಯಿಂದ ಬರುವುದೂ ಅಲ್ಲ. ಜೇನು ಸೆಕೆಂಡಿಗೆ ಸುಮಾರು 230 ಸಲ ರೆಕ್ಕೆ ಬಡಿಯುತ್ತದೆ, ಗಾಳಿಯೂ ಅಷ್ಟೇ ಸಲ ನಡುಗುತ್ತದೆ. ಭಜನೆಯ ಹಾರ್ಮೋನಿಯಂ ಮೇಲೆ ಹುಡುಕಿದರೆ ಕರಿ ಐದರ ಆಸುಪಾಸು ಸಿಗುತ್ತದೆ. ಹೆಣ್ಣು ಸೊಳ್ಳೆ 400ರ ಮೇಲೆ ಬಡಿಯುವುದರಿಂದ ಅದರದು ಕೀರಲು ದನಿ. ಇಷ್ಟು ಬಿರುಸಾಗಿ ಬಡಿಯಬೇಕೆಂದೇ ಜೇನಿನ ಹಾರುವ ಸ್ನಾಯುಗಳು ರೆಕ್ಕೆಗೆ ನೇರ ಅಂಟಿಕೊಂಡಿಲ್ಲ, ಎದೆಗೂಡಿನ ಗೋಡೆಗೆ ಅಂಟಿಕೊಂಡಿವೆ. ಒಂದು ಜೋಡಿ ಮೇಲೆ ಕೆಳಗೆ ಎಳೆದರೆ ಬೆನ್ನು ತಗ್ಗಿ ರೆಕ್ಕೆ ಏಳುತ್ತದೆ. ಇನ್ನೊಂದು ಹಿಂದೆ ಮುಂದೆ ಎಳೆದರೆ ಬೆನ್ನು ಉಬ್ಬಿ ರೆಕ್ಕೆ ಇಳಿಯುತ್ತದೆ, ತಗಡಿನ ಡಬ್ಬಿಯ ಮುಚ್ಚಳ ಒತ್ತಿ ಬಿಟ್ಟ ಹಾಗೆ. ನರದಿಂದ ಬಂದ ಒಂದೇ ಅಪ್ಪಣೆಗೆ ಸ್ನಾಯು ಹಲವು ಸಲ ಕುಣಿಯುತ್ತದೆ. ಒಂದೇ ಅರ್ಜಿಗೆ ಹಲವು ಸಲ ಕೆಲಸ ಆಗುವ ಜಾಗ ಈ ಭಾಗದಲ್ಲಿ ಬೇರೆ ಇದ್ದರೆ ತಿಳಿಸಿ.

ರೆಕ್ಕೆ ಮಡಚಿಕೊಂಡೇ ಗುಂಯ್‌ಗುಡುವವರೂ ಇದ್ದಾರೆ. ಬದನೆ, ಟೊಮೆಟೊ ಹೂವಿನಲ್ಲಿ ಪರಾಗ ಸಣ್ಣ ತೂತಿನ ಚೀಲದೊಳಗೆ ಇರುತ್ತದೆ. ನೀಲಿ ಪಟ್ಟೆಯ ಒಂಟಿ ಜೇನು ಹೂವನ್ನು ಅಪ್ಪಿ ಹಿಡಿದು ಎದೆ ನಡುಗಿಸುತ್ತದೆ, ಪರಾಗ ಉದುರುತ್ತದೆ. ಗೂಡು ಕಟ್ಟುವ ನಮ್ಮ ತುಡುವೆ, ಹೆಜ್ಜೇನಿಗೆ ಈ ವಿದ್ಯೆ ಬರುವುದಿಲ್ಲ. ಎಣ್ಣೆಗಾಯಿ ಉಣ್ಣುವವರು ಆ ಒಂಟಿ ಜೇನನ್ನು ನೆನೆಯಬೇಕು.

ಇನ್ನು ಪಟ್ಟೆ. ಅದು ಹಕ್ಕಿಗಳಿಗೆ ಕೊಟ್ಟ ನೋಟಿಸು: ನನ್ನ ಹತ್ತಿರ ಮುಳ್ಳುಂಟು, ನೋಡಿ ನಡೆಯಿರಿ. ಒಮ್ಮೆ ಕುಟುಕಿಸಿಕೊಂಡ ಹಕ್ಕಿ ಆ ಬಣ್ಣವನ್ನು ಬೇಗ ಮರೆಯುವುದಿಲ್ಲ. ಕಣಜಕ್ಕೂ ಜೇನಿಗೂ ಸುಮಾರು ಒಂದೇ ನಮೂನೆಯ ಪಟ್ಟೆ ಇರುವುದರಿಂದ ಒಂದರ ಏಟಿನ ಪಾಠ ಇನ್ನೊಂದಕ್ಕೂ ಅನುಕೂಲ. ನೋಟಿಸು ಓದಿಯೂ ಕೇರ್ ಮಾಡದ ಒಂದು ಹಕ್ಕಿ ಇದೆ, ಕಳ್ಳಿಪೀರ. ಕರೆಂಟ್ ತಂತಿಯ ಮೇಲೆ ಕೂತು, ಹಿಡಿದ ಜೇನನ್ನು ತಂತಿಗೆ ತಿಕ್ಕಿ ತಿಕ್ಕಿ ವಿಷ ಉದುರಿಸಿ ನುಂಗುತ್ತದೆ.

ಮುಳ್ಳಿಲ್ಲದೆ ಬರೀ ಪಟ್ಟೆ ಹಾಕಿಕೊಂಡು ಓಡಾಡುವ ವೇಷಧಾರಿಗಳೂ ಇವೆ. ಕಾಕಾ ಒಂದು ಸಲ ಪೇಪರ್ ಮೇಲೆ ಇಟ್ಟು ಇಡೀ ಓಣಿಗೆ ತೋರಿಸಿದ "ಜೇನು" ಇಂಥದೇ, ಬಡಪಾಯಿ ಹೂನೊಣ. ಗುರುತು ಸುಲಭ: ಜೇನಿಗೆ ರೆಕ್ಕೆ ನಾಲ್ಕು, ನೊಣಕ್ಕೆ ಎರಡೇ. ನೊಣದ ಮೀಸೆ ಮೊಂಡು, ಕಣ್ಣು ಮುಖದ ತುಂಬ. ಅದಕ್ಕೆ ಕುಟುಕಲು ಏನೂ ಇಲ್ಲ. ಹೇಳಿದರೆ "ಇರ್ಲಿ ಬಿಡು, ಪಟ್ಟಾಪಟ್ಟಿ ಅಂಗಿ ಯಾಕ ಹಾಕ್ಕೊಂಡಿತ್ತು?" ಅಂದರು. ವಾದದಲ್ಲಿ ಅವರನ್ನು ಗೆದ್ದವರಿಲ್ಲ.

ಜೇನು ಕೂಲರಿಗೆ ಬರುವುದು ನಮ್ಮದೇ ಕಾರಣಕ್ಕೆ, ಸೆಕೆ. ಗೂಡಿನಲ್ಲಿ ಮರಿಗಳಿರುವ ಮೇಣದ ಹಲ್ಲೆ, ಅಂದರೆ ಜೇನುಹುಟ್ಟು, 34-35 ಡಿಗ್ರಿಯಲ್ಲಿ ಇರಬೇಕು. ಹೊರಗೆ 42 ದಾಟಿದಾಗ ಕೆಲಸದ ಹೆಣ್ಣುಹುಳಗಳು ನೀರು ಹೊತ್ತು ತಂದು ಹಲ್ಲೆಯ ಮೇಲೆ ತೆಳ್ಳಗೆ ಸವರುತ್ತವೆ, ಉಳಿದವು ರೆಕ್ಕೆಯಿಂದ ಗಾಳಿ ಹಾಕುತ್ತವೆ. ನಮ್ಮ ಕೂಲರ್ ಮಾಡುವುದೂ ಅದನ್ನೇ, ಆದರೆ ಅವರದಕ್ಕೆ ಲೋಡ್ ಶೆಡ್ಡಿಂಗ್ ಇಲ್ಲ. ಹಿಂದೆ ಹಿಂಗಾರಿ ಜೋಳದ ಹೊಲದ ಸುತ್ತ ದನ ನುಗ್ಗದಿರಲೆಂದು ಮುಳ್ಳಿನ ಕುಸುಬಿ ಸಾಲು ಬಿತ್ತುತ್ತಿದ್ದರು. ಹೂ ಬಿಟ್ಟಾಗ ಆ ಬದುವಿನ ತುಂಬ ಇದೇ ಗುಂಯ್ ಇರುತ್ತಿತ್ತು, ಯಾರೂ ಟವೆಲ್ ತೆಗೆಯುತ್ತಿರಲಿಲ್ಲ.

ಹುಳ ಬರಬಾರದು ಅಂದರೆ ಮಾರ್ಚ್ ಮೊದಲ ವಾರದಲ್ಲೇ ಬೇರೆ ನೀರು ತೋರಿಸಬೇಕು. ಒಮ್ಮೆ ಕೂಲರಿನ ರುಚಿ ಹತ್ತಿದರೆ ಬಿಡಿಸುವುದು ಕಷ್ಟ. ಅಗಲವಾದ ಮಣ್ಣಿನ ತಟ್ಟೆ, ಅದರಲ್ಲಿ ನೀರಿನಿಂದ ತಲೆ ಎತ್ತಿ ನಿಲ್ಲುವಷ್ಟು ಹರಳುಕಲ್ಲು. ಬಕೆಟ್ ಇಟ್ಟರೆ ಜಾರಿ ಬಿದ್ದು ಸಾಯುತ್ತವೆ. ಕೂಲರಿನಿಂದ 20 ಅಡಿ ದೂರ, ನೆರಳಲ್ಲಿ ಇಡಿ. ಚಿಟಿಕೆ ಉಪ್ಪು ಹಾಕಿದರೆ ಬೇಗ ಹುಡುಕಿಕೊಂಡು ಬರುತ್ತವೆ. ಒಂದು ದಿನವೂ ಒಣಗಲು ಬಿಡಬಾರದು, ಒಣಗಿದರೆ ಎಲ್ಲರೂ ವಾಪಸ್ ಕೂಲರಿಗೆ. ವಾರಕ್ಕೆರಡು ಸಲ ತಿಕ್ಕಿ ತೊಳೆಯದಿದ್ದರೆ ಸೊಳ್ಳೆ ಮರಿ. ಕೂಲರಿಗೆ ಹುಲ್ಲಿನಿಂದ ಎರಡು ಬೆರಳು ಬಿಟ್ಟು ಸೊಳ್ಳೆ ಜಾಲರಿ ಬಿಗಿಯಬೇಕು, ತಾಗಿಸಿ ಕಟ್ಟಿದರೆ ತೂತಿನಿಂದಲೇ ನಾಲಿಗೆ ಚಾಚಿ ಕುಡಿಯುತ್ತವೆ. ಈ ಕೆಲಸ ಕತ್ತಲಾದ ಮೇಲೆ. ಯಾರಿಗಾದರೂ ಕುಟುಕಿದರೆ ಚಿಮಟ ಹುಡುಕುತ್ತ ಕೂರದೆ ಉಗುರಿನಿಂದ ಕೆರೆದು ಮುಳ್ಳು ತೆಗೆಯಿರಿ, ವಿಷದ ಚೀಲ ಮುಳ್ಳಿನ ಜೊತೆಗೇ ಉಳಿದು ಪಂಪ್ ಮಾಡುತ್ತಲೇ ಇರುತ್ತದೆ. ಮುಖ ಊದಿದರೆ, ಉಸಿರು ಕಟ್ಟಿದರೆ ನೇರ ದವಾಖಾನೆಗೆ.

ಇದನ್ನೆಲ್ಲ ಕೇಳಿ ಕಾಕಾ ಟವೆಲ್ ಹೆಗಲಿಗೆ ಹಾಕಿಕೊಂಡು ಒಪ್ಪಿದರು. ತಟ್ಟೆ ತಂದರು, ಹರಳು ತಂದರು. ಆಮೇಲೆ ಕೇಳಿದರು: "ಬರೇ ನೀರ್ ಇಟ್ರ ಮರ್ಯಾದಿ ಅಲ್ಲಪಾ. ಒಂದ್ ಹಿಡಿ ಸಕ್ಕರಿ ಹಾಕ್ಲ್ಯಾ?"

ಹಾಕಬೇಡ್ರಿ ಕಾಕಾ. ನೀರಿಗಾದರೆ ಬಾಯಾರಿದವರಷ್ಟೇ ಬರುತ್ತಾರೆ. ಸಕ್ಕರೆ ಹಾಕಿದರೆ ಬಂದವರು ಗೂಡಿಗೆ ಹೋಗಿ ಕುಣಿದು ಕುಣಿದು ನಿಮ್ಮ ಮನೆಯ ದಿಕ್ಕು, ದೂರ ಎರಡನ್ನೂ ಎಲ್ಲರಿಗೂ ಹೇಳಿಕೊಡುತ್ತಾರೆ.