ಸೆನ್ಸರ್ ಬದಲಿಸುವ ಮೊದಲು ಒಮ್ಮೆ ಮೀಟರ್ ಹಿಡಿಯಿರಿ

ಅಪ್ಪ 2003ರಲ್ಲಿ ತೆಗೆದ ಕಾರು ಈಗಲೂ ನಮ್ಮ ಅಂಗಳದಲ್ಲಿದೆ. ಕಾಸರಗೋಡಿನ ಕೆಎಲ್-14 ನಂಬರಿನ ಸಣ್ಣ ಎಂಪಿಎಫ್‌ಐ ಪೆಟ್ರೋಲ್ ಗಾಡಿ, ಅಂದರೆ ಕಾರ್ಬುರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವಂಥದ್ದು. ಕಳೆದ ಮಳೆಗಾಲದಲ್ಲಿ ಅದಕ್ಕೊಂದು ಕಾಯಿಲೆ ಶುರುವಾಯಿತು. ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತದೆ. ಬದಿಯಡ್ಕದಿಂದ ಸೀತಾಂಗೋಳಿಗೆ ಹೋಗಿ ಚಾ ಕುಡಿದು ಬಂದರೆ ಮಾತ್ರ ಎಷ್ಟು ಸೆಲ್ಫ್ ಹೊಡೆದರೂ ಹಿಡಿಯುವುದಿಲ್ಲ. ಪೆಟ್ರೋಲ್ ವಾಸನೆ, ಕಪ್ಪು ಹೊಗೆ. ಲೀಟರಿಗೆ 17 ಕಿ.ಮೀ. ಕೊಡುತ್ತಿದ್ದ ಗಾಡಿ 11ಕ್ಕೆ ಇಳಿಯಿತು. ಹೊಂಡಕ್ಕೆ ಬಿದ್ದಾಗ ಚೆಕ್ ಎಂಜಿನ್ ಲೈಟ್ ಹತ್ತಿ ಆರುತ್ತಿತ್ತು.

ವರ್ಕ್‌ಶಾಪಿನಲ್ಲಿ ಎಂಜಿನಿನ ಕಂಪ್ಯೂಟರ್ ಕೊಡುವ ದೋಷದ ಕೋಡ್ ನೋಡಿ, ಎಂಜಿನ್ ತಂಪಾಗಿಸುವ ನೀರಿನ ಬಿಸಿ ಅಳೆಯುವ ಕೂಲೆಂಟ್ ಟೆಂಪರೇಚರ್ ಸೆನ್ಸರ್ ಬದಲಿಸಿದರು. ಮೂರೇ ದಿನ, ಮತ್ತೆ ಅದೇ ಕಥೆ. ಮೈಲೇಜ್ ಇಲ್ಲ ಅಂತ, ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರೂ ಬದಲಾಯಿತು. ಕೊನೆಗೆ ಇಸಿಯು (ಎಂಜಿನ್ ನಡೆಸುವ ಆ ಕಂಪ್ಯೂಟರ್) ಹೋಗಿದೆ, ಗಾಡಿ ಕೊಟ್ಟುಬಿಡಿ ಅಂದರು. ಅಷ್ಟರಲ್ಲಿ ಆರು ಸಾವಿರ ಖರ್ಚಾಗಿತ್ತು. ವೋಲ್ಟೇಜ್, ರೆಸಿಸ್ಟೆನ್ಸ್ ಅಳೆಯುವ ಮಲ್ಟಿಮೀಟರನ್ನು ಒಬ್ಬರೂ ಕೈಗೆತ್ತಿಕೊಂಡಿರಲಿಲ್ಲ. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಕೋಡ್ ಬಂದರೆ ಆ ಸೆನ್ಸರ್ ಹಾಳಾಗಿದೆ ಅಂತ ಅರ್ಥವಲ್ಲ. ಅದರ ದಾರಿಯಲ್ಲಿ ಬರುವ ವೋಲ್ಟೇಜ್ ಸರಿಯಿಲ್ಲ, ಅಷ್ಟೇ. ಆ ದಾರಿಯಲ್ಲಿ ಪ್ಲಗ್ಗು, ವಯರು, ಅರ್ತ್ ಎಲ್ಲವೂ ಇವೆ. ಇಪ್ಪತ್ತು ವರ್ಷ ದಾಟಿದ ಗಾಡಿಯಲ್ಲಿ, ಅದೂ ನಮ್ಮ ಕಡೆಯ ಮಳೆಗೆ, ಮೊದಲು ಕೆಡುವುದು ಇವೇ ಅಂತ ನನ್ನ ಅನುಭವ. ತೋಟದ ಮನೆಗಳಲ್ಲಿ ಇಲಿ ಕಾಟ ಬೇರೆ.

ಕೊನೆಗೆ ಮುಳ್ಳೇರಿಯ ಕಡೆಯ ಹಿರಿಯ ಮೆಕ್ಯಾನಿಕ್ ಒಬ್ಬರ ಹತ್ತಿರ ಹೋದೆ. "ಮಾಷ್ಟ್ರೇ, ಹಳೇ ಸೆನ್ಸರ್ ಬಿಸಾಡಿದ್ರಾ?" ಅಂತ ಕೇಳಿದರು. ಡಿಕ್ಕಿಯಲ್ಲೇ ಇತ್ತು. ಒಂದು ಲೋಟ ಬಿಸಿನೀರಿಗೆ ಅದರ ತುದಿ ಅದ್ದಿ, ಜೊತೆಗೆ ಥರ್ಮಾಮೀಟರ್ ಇಟ್ಟು, ಎರಡು ಪಿನ್ನಿಗೆ ಮೀಟರ್ ಹಿಡಿದರು. ಈ ಸೆನ್ಸರ್ ಬಿಸಿಯಾದಷ್ಟೂ ಅದರ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡುವ ತಡೆ, ಅಳೆಯುವುದು ಓಮ್ಸ್‌ನಲ್ಲಿ) ಕಡಿಮೆಯಾಗುತ್ತದೆ. 20 ಡಿಗ್ರಿಯಲ್ಲಿ ಸುಮಾರು ಎರಡೂವರೆ ಸಾವಿರ ಓಮ್ಸ್ ಇದ್ದರೆ, 80 ಡಿಗ್ರಿಯಲ್ಲಿ ಸುಮಾರು 300. ನಮ್ಮದು 80ಕ್ಕೆ 310 ತೋರಿಸಿತು. ಅಂದರೆ ತೆಗೆದುಹಾಕಿದ ಹಳೇ ಸೆನ್ಸರ್ ಸರಿಯಾಗಿಯೇ ಇತ್ತು!

ಆಮೇಲೆ ಎಂಜಿನ್ ಬಿಸಿ ಮಾಡಿ, ಬ್ಯಾಟರಿ ಬಿಚ್ಚಿ, ಇಸಿಯು ಪ್ಲಗ್ ಕಳಚಿ ಅಲ್ಲಿಂದ ಅಳೆದರು. 300ರ ಆಸುಪಾಸು ಬರಬೇಕಾದಲ್ಲಿ 1,100 ಬಂತು. ನಡುವೆ ಎಲ್ಲೋ 800 ಓಮ್ಸ್ ಸೇರಿಕೊಂಡಿದೆ. ಇಸಿಯುಗೆ ಇದು ಸುಮಾರು 40 ಡಿಗ್ರಿಯ ಎಂಜಿನ್ ಇದ್ದ ಹಾಗೆ. ಪಾಪ, ಎಂಜಿನ್ ಇನ್ನೂ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಜಾಸ್ತಿ ಸುರಿಯುತ್ತಿತ್ತು. 40 ಡಿಗ್ರಿ ಇರಬಹುದಾದ ಲೆಕ್ಕವೇ ಆದ್ದರಿಂದ ಲೈಟ್ ಹತ್ತುವುದಿಲ್ಲ. ಕುಲುಕಾಟಕ್ಕೆ ಕನೆಕ್ಷನ್ ಪೂರ್ತಿ ತಪ್ಪಿದಾಗ ಮಾತ್ರ ಹತ್ತುತ್ತದೆ.

ವಯರನ್ನು ಒಂದೊಂದು ಗೇಣು ಅಲುಗಿಸುತ್ತಾ ಹೋದರು. ಸೆನ್ಸರ್ ಪ್ಲಗ್ಗಿನ ಹತ್ತಿರ ಬಂದಾಗ ಮೀಟರಿನ ಅಂಕಿ ಕುಣಿಯಿತು. ರಬ್ಬರ್ ಸರಿಸಿದರೆ ಪಿನ್ನಿನಲ್ಲಿ ಹಸಿರು ಕಿಲುಬು. ಹೊಸ ಪಿನ್, ಸ್ವಲ್ಪ ವಯರು, ಕೂಲಿ ಸೇರಿ 350 ರೂಪಾಯಿ. ಅದೇ ದಿನ ಸೀತಾಂಗೋಳಿಯಲ್ಲಿ ಚಾ ಕುಡಿದು ಬಂದೆ, ಒಂದೇ ಸೆಲ್ಫ್‌ಗೆ ಹಿಡಿಯಿತು.

ನಿಮ್ಮಲ್ಲೂ ಇಂಥ ಗಾಡಿ ಇದ್ದರೆ ದಯವಿಟ್ಟು ಅಳೆಯದೆ ಪಾರ್ಟ್ ಬದಲಿಸಲು ಬಿಡಬೇಡಿ. ಬದಲಿಸಿದರೆ ಹಳೆಯದನ್ನು ಕೇಳಿ ತಗೊಳ್ಳಿ. ಮೊಬೈಲಿಗೆ ಸೇರುವ ಅಗ್ಗದ ಸ್ಕ್ಯಾನರನ್ನು ಸುಮ್ನೆ ತರಿಸಬೇಡಿ. ನಮ್ಮಲ್ಲಿ ಒಬಿಡಿ (ಗಾಡಿ ತನ್ನ ದೋಷ ತಾನೇ ಗುರುತಿಸಿ ಸ್ಕ್ಯಾನರಿಗೆ ತಿಳಿಸುವ ವ್ಯವಸ್ಥೆ) ಕಡ್ಡಾಯವಾಗತೊಡಗಿದ್ದೇ 2010ರಿಂದ, ಹೆಚ್ಚಿನ ಹಳೆ ಗಾಡಿಗಳಿಗೆ ಅದು ಹೊಂದುವುದಿಲ್ಲ. ಸಾಧಾರಣ ಡಿಜಿಟಲ್ ಮೀಟರ್ ಸಾಕು.

ಇನ್ನೊಂದು ವಿನಂತಿ. ಆ ಹಿರಿಯರ ಹತ್ತಿರ ಯಾವ ಪಿನ್ನಿಗೆ ಯಾವ ವಯರು ಅಂತ ಬರೆದಿಟ್ಟ ಹಳೇ ನೋಟ್‌ಬುಕ್ ಇದೆ. ಹಾಳೆಗಳು ಉದುರುತ್ತಿವೆ. ಅವರ ಒಪ್ಪಿಗೆ ಪಡೆದು ಪುಟಪುಟ ಫೋಟೋ ತೆಗೆಯುತ್ತಿದ್ದೇನೆ. ಕಾಸರಗೋಡು, ಮಂಜೇಶ್ವರ ಕಡೆ ಯಾರ ಹತ್ತಿರವಾದರೂ ಹಳೆ ಎಂಪಿಎಫ್‌ಐ ಗಾಡಿಗಳ ವಯರಿಂಗ್ ಡಯಾಗ್ರಾಂ ಇದ್ದರೆ ತಿಳಿಸಿ. ನಾನೇ ಬಂದು ಫೋಟೋ ತೆಗೆದುಕೊಳ್ಳುತ್ತೇನೆ.