ಜಿರಾಫೆ ಗೊತ್ತು, ಕೀ ಗೊತ್ತಿಲ್ಲ

ಇವತ್ತು ಸ್ಕೂಟರ್ ಕೀ ಸಿಗದೆ ಆಟೋದಲ್ಲಿ ಆಫೀಸಿಗೆ ಬಂದೆ. ವಸ್ತು ಹುಡುಕಿ ಗುರುತಿಸುವ ರೋಬೋಟ್ ಮನೆಯಲ್ಲೇ ಇದೆ. ನಮ್ಮ ಯಜಮಾನರೇ ಕಟ್ಟಿದ್ದು, ಅದೂ ಕಡಿಮೆ ಖರ್ಚಿನಲ್ಲಂತೆ. ಹಳದಿ ಮೋಟರು, ಚಕ್ರ, ರಾಸ್ಪ್‌ಬೆರಿ ಪೈ ಅನ್ನುವ ಅಂಗೈಯಗಲದ ಕಂಪ್ಯೂಟರ್, ಪುಟ್ಟ ಕ್ಯಾಮೆರಾ ಎಲ್ಲ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳದು. ಮೈ ಮಾತ್ರ ನನ್ನ ಹಪ್ಪಳದ ಡಬ್ಬಿಯ ಮುಚ್ಚಳ. ಅದರ ಖರ್ಚು ಲೆಕ್ಕಕ್ಕಿಲ್ಲ.

"ರೀ, ಕೀ ಹುಡುಕೋಕೆ ಹೇಳ್ರಿ ಅದಕ್ಕೆ" ಅಂದೆ.

"ಅದಕ್ಕೆ ಕೀ ಗೊತ್ತಿಲ್ಲ ಕಣೇ."

'ಕೋಕೋ' ಅನ್ನುವ ಚಿತ್ರಗಳ ಸಂಗ್ರಹದಿಂದ ಕಲಿತಿದೆಯಂತೆ. ಒಟ್ಟು 80 ಬಗೆ. ಜಿರಾಫೆ ಇದೆ, ಜೀಬ್ರಾ ಇದೆ, ಹಿಮದ ಮೇಲೆ ಜಾರುವ ಹಲಗೆಯೂ ಇದೆ. ಬೀಗದಕೈ ಇಲ್ಲ, ಕನ್ನಡಕ ಇಲ್ಲ. ನಮ್ಮ ಜಯನಗರದ ಮನೆಯಲ್ಲಿ ಜಿರಾಫೆ ಕಳೆದುಹೋದರೆ ಚಿಂತೆಯಿಲ್ಲ ಬಿಡಿ. ಹೊಸದನ್ನು ಕಲಿಸಬಹುದಂತೆ. ಬೇರೆ ಬೇರೆ ಕಡೆಯಿಂದ ನೂರಾರು ಫೋಟೋ ತೆಗೆಯಬೇಕು. "ಎಲ್ಲಿ, ಕೀ ಕೊಡು" ಅಂತ ಕೈ ಚಾಚಿದರು!

ಹೋಗಲಿ, ಗೊತ್ತಿರುವುದನ್ನಾದರೂ ಸರಿಯಾಗಿ ಹೇಳುತ್ತಾ? ಮೊನ್ನೆ ಅತ್ತೆಯ ತಂಗಿ ಬಂದಿದ್ದರು. ಅತ್ತೆ ದೋಸೆಗೆ ರುಬ್ಬುತ್ತಿದ್ದರು. ಇದು ಗರ್ ಅಂತ ಅಡುಗೆಮನೆಗೆ ನುಗ್ಗಿ, ಬಿಳಿ ಗ್ರೈಂಡರ್ ಎದುರು ನಿಂತು, ಗಟ್ಟಿಯಾಗಿ "ಟಾಯ್ಲೆಟ್" ಅಂದಿತು. ಅತ್ತೆ ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದು ನಿಂತರು. "ಏನೋ ಅದು ಅನ್ನೋದು?" ಇವರು ಸಮಾಧಾನ ಹೇಳುವುದು ಬಿಟ್ಟು ಲ್ಯಾಪ್‌ಟಾಪ್ ನೋಡಿ, "ಶೇಕಡಾ 81 ಖಾತ್ರಿ ಅಮ್ಮಾ" ಅಂದರು. ರೋಬೋಟ್ ಸ್ವಲ್ಪ ಹಿಂದೆ ಸರಿಯಿತು. ಮತ್ತೆ ಮುಂದೆ ಬಂದಿತು. "ಟಾಯ್ಲೆಟ್." ನಾನು ಓಡಿಹೋಗಿ ಮುಚ್ಚಳ ಹಾಕಿದೆ. ಖಾತ್ರಿ ಇನ್ನೂ ಜಾಸ್ತಿಯಾಯಿತು. ಮರುದಿನ ಬೆಳಿಗ್ಗೆ ನೆಂಟರು ದೋಸೆ ಬೇಡ, ಬ್ರೆಡ್ ಸಾಕು ಅಂದರು.

ಮಾವನವರು ಇದ್ದಾಗ ಕರೆಂಟ್ ಹೋದರೆ ಕೂತಲ್ಲಿಂದಲೇ ಹೇಳುತ್ತಿದ್ದರು, "ಬೆಂಕಿಪೊಟ್ಟಣ ದೇವರಮನೆಯ ಎಡಗಡೆ ಗೂಡಲ್ಲಿದೆ ನೋಡಮ್ಮ" ಅಂತ. ಅವರು ಹೋದ ಮೇಲೇ ನಮ್ಮನೆಯಲ್ಲಿ ಸಾಮಾನು ಕಳೆಯುವುದು ಜಾಸ್ತಿಯಾಗಿದ್ದು.

ಅತ್ತೆ ಈಗ ಉಪಾಯ ಕಂಡುಕೊಂಡಿದ್ದಾರೆ. ಅಡುಗೆಮನೆ ಬಾಗಿಲಿಗೆ ಹಳೇ ಕಾಟನ್ ಸೀರೆ ಇಳಿಬಿಟ್ಟಿದ್ದಾರೆ. ರೋಬೋಟಿನ ಸೆನ್ಸರ್ ನಮಗೆ ಕೇಳಿಸದ ಶಬ್ದ ಕಳಿಸಿ, ಅದು ತಿರುಗಿ ಬರುವ ಹೊತ್ತಿನಿಂದ ದೂರ ಅಳೆಯುತ್ತದೆ. ಗೋಡೆಯಾದರೆ ಸರಿ. ಮೆತ್ತನೆ ಬಟ್ಟೆ ಶಬ್ದವನ್ನು ನುಂಗಿಬಿಡುತ್ತದೆ. ದಾರಿ ಖಾಲಿ ಅಂದುಕೊಂಡು ನುಗ್ಗಿದ್ದು ಚಕ್ರಕ್ಕೆ ಸೆರಗು ಸುತ್ತಿಕೊಂಡು ಬೀಳುತ್ತದೆ. ಅತ್ತೆ ಕಾಫಿ ಕುಡಿಯುತ್ತಾ ನೋಡುತ್ತಾರೆ.

ಅದಕ್ಕೀಗ ಲೇಸರ್ ಸೆನ್ಸರ್ ಬೇಕಂತೆ. ಶನಿವಾರ ಮತ್ತೆ ಎಸ್.ಪಿ. ರೋಡ್. ಬರುವಾಗ ಗ್ರೈಂಡರಿಗೊಂದು ಬೆಲ್ಟ್ ತನ್ನಿ ಅಂದೆ.

"ಹೊರಡುವಾಗ ನೆನಪಿಸು, ಮರೆತುಬಿಡ್ತೀನಿ" ಅಂದರು.